ಗೇಟಿನಿಂದ ಮನೆಗೆ: ತೆಂಗಿನ ಸೀಮೆಯಲ್ಲಿ ಒಂಟಿ ಹೆಣ್ಣಿನ ಪ್ರಯಾಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಮಗಳು ಜರ್ಮನಿಗೋ ಫ್ರಾನ್ಸಿಗೋ ಓದಲು ಹೊರಟರೆ ಎಚ್ಚರಿಕೆಯ ಮಾತುಗಳಿಗೆ ಕೊನೆಯಿಲ್ಲ. ಪ್ಯಾರಿಸ್ಸಿನ ಮೆಟ್ರೋದಲ್ಲಿ ಜೇಬುಗಳ್ಳರು ಇರುತ್ತಾರಂತೆ, ರಾತ್ರಿ ಒಬ್ಬಳೇ ಸ್ಟೇಷನ್ನಿನಲ್ಲಿ ನಿಲ್ಲಬೇಡ, ಪಾಸ್‌ಪೋರ್ಟನ್ನು ಬ್ಯಾಗಿನ ಹೊರಗಡೆ ಇಡಬೇಡ. ಎಲ್ಲವೂ ಸರಿಯಾದ ಮಾತೇ. ಆದರೆ ಅದೇ ಮಗಳು ಪಿಯುಸಿ ಓದುವಾಗ ಎರಡು ವರ್ಷ ಪ್ರತಿ ಸಂಜೆ ಕತ್ತಲಾಗುವ ಹೊತ್ತಿಗೆ ಹೆದ್ದಾರಿಯ ಅಂಚಿನಲ್ಲಿ ಇಳಿದು, ತೋಟಗಳ ನಡುವೆ ಒಂದೂವರೆ ಮೈಲಿ ನಡೆದು ಮನೆ ಸೇರುತ್ತಿದ್ದುದನ್ನು ಯಾರೂ ‘ಪ್ರಯಾಣ’ದ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಈ ಟಿಪ್ಪಣಿ ಆ ಒಂದೂವರೆ ಮೈಲಿಯನ್ನು ಕುರಿತದ್ದು. ಈ ಮೂರು ತಾಲ್ಲೂಕುಗಳಲ್ಲಿ ಒಂಟಿ ಹೆಣ್ಣಿನ ಪ್ರಯಾಣಕ್ಕೆ ರೈಲಿನಲ್ಲೂ ಬಸ್ಸಿನಲ್ಲೂ ಕಾನೂನಿನ ಕಾವಲು ಒಂದಷ್ಟು ಇದೆ. ಆಕೆ ಇಳಿದ ಕ್ಷಣದಿಂದ ಅದು ಇಲ್ಲ. ಇದು ನನ್ನ ವಾದ.

ಮೊದಲು ದಾರಿಗಳನ್ನು ನೋಡೋಣ. ಈ ಸೀಮೆಗೆ ಎರಡು ಬೆನ್ನುಮೂಳೆಗಳಿವೆ. ಒಂದು, ಎಲ್ಲರೂ ಬಿ.ಎಚ್. ರಸ್ತೆ ಎಂದು ಕರೆಯುವ ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರು, ಗುಬ್ಬಿ, ತಿಪಟೂರು ದಾಟಿ ಅರಸೀಕೆರೆಗೆ ಹೋಗುತ್ತದೆ. ಇನ್ನೊಂದು, ಹೆಚ್ಚುಕಡಿಮೆ ಅದರ ಜೊತೆಜೊತೆಗೇ ಸಾಗುವ ರೈಲುದಾರಿ. ಬೆಂಗಳೂರು–ಹರಿಹರ ಮಾರ್ಗ 1889ರ ಹೊತ್ತಿಗೆ ಪೂರ್ಣಗೊಂಡಿತು. ನಿಟ್ಟೂರು, ಸಂಪಿಗೆ ರಸ್ತೆ, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ಕರಡಿ, ತಿಪಟೂರು, ಹೊನ್ನವಳ್ಳಿ ರಸ್ತೆ ಎಂದು ನಿಲ್ದಾಣಗಳು ಸಾಲಾಗಿವೆ. ತುರುವೇಕೆರೆಗೆ ಹತ್ತಿರದ ನಿಲ್ದಾಣ ಬಾಣಸಂದ್ರ. ಊರಿಗೆ ಹೋಗಲು ಅಲ್ಲಿಂದ ಮತ್ತೆ ವಾಹನ ಹಿಡಿಯಬೇಕು. ಚಿಕ್ಕನಾಯಕನಹಳ್ಳಿಗೆ ರೈಲೇ ಇಲ್ಲ. ಈ ಎರಡೂ ತಾಲ್ಲೂಕು ಕೇಂದ್ರಗಳನ್ನು ಪೋಣಿಸುವುದು ಹಿರಿಯೂರು, ಹುಳಿಯಾರು ಕಡೆಯಿಂದ ಬಂದು ನಾಗಮಂಗಲ, ಮೈಸೂರಿನತ್ತ ಹೋಗುವ ರಸ್ತೆ. ಅದು ಬಿ.ಎಚ್. ರಸ್ತೆಯನ್ನು ಅಡ್ಡ ಹಾಯುವ ಜಾಗವೇ ಕಿಬ್ಬನಹಳ್ಳಿ ಕ್ರಾಸ್. ಜನರ ಬಾಯಲ್ಲಿ ಕೆ.ಬಿ. ಕ್ರಾಸ್.

ಬೆಂಗಳೂರಿನಿಂದ ತಿಪಟೂರಿಗೆ ಸುಮಾರು 140 ಕಿಲೋಮೀಟರ್. ಇಷ್ಟು ದೂರವನ್ನು ಹೆಣ್ಣುಮಕ್ಕಳು ಇವತ್ತು ಅಂಜದೆ, ಅಳುಕದೆ ಒಬ್ಬರೇ ಕ್ರಮಿಸುತ್ತಾರೆ. ಅಂಜಿಕೆ ಶುರುವಾಗುವುದು ಕೆ.ಬಿ. ಕ್ರಾಸಿನಂಥ ಕಡೆ, ಮತ್ತು ಹೆದ್ದಾರಿಯುದ್ದಕ್ಕೂ ಇರುವ ‘ಗೇಟು’ಗಳಲ್ಲಿ. ಹೊರಗಿನ ಓದುಗರಿಗೆ ಒಂದು ಮಾತು: ಇಲ್ಲಿ ಗೇಟು ಎಂದರೆ ಬಾಗಿಲಲ್ಲ, ಹಳ್ಳಿಯ ದಾರಿ ಹೆದ್ದಾರಿಯಿಂದ ಕವಲೊಡೆಯುವ ಜಾಗ. ಒಂದು ಹೆಸರಿನ ಫಲಕ, ಅದೃಷ್ಟವಿದ್ದರೆ ಶಾಸಕರ ನಿಧಿಯ ತಂಗುದಾಣ, ಒಂದು ಪೆಟ್ಟಿಗೆ ಅಂಗಡಿ. ಊರು ಒಳಗೆಲ್ಲೋ ಇರುತ್ತದೆ.

ಒಂಟಿ ಹೆಣ್ಣಿನ ಈ ಅಂಜಿಕೆಯ ಬಗ್ಗೆ ಹಳೆಯ ದಾಖಲೆಗಳು ಎಷ್ಟು ಹೇಳುತ್ತವೆ? ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ತುರುಗೋಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ) ಇವುಗಳ ಜೊತೆಗೆ ‘ಪೆಣ್ಬುಯ್ಯಲ್’ ಎಂಬ ಒಂದು ಬಗೆ ಉಂಟು, ಹೆಣ್ಣಿನ ಮೊರೆ ಕೇಳಿ ಕಾದಾಡಿ ಸತ್ತವನ ಕಲ್ಲು. ಅವುಗಳಲ್ಲಿ ಸತ್ತವನ ಹೆಸರಿರುತ್ತದೆ, ಅವನ ಒಡೆಯನ ಹೆಸರಿರುತ್ತದೆ. ಮೊರೆಯಿಟ್ಟವಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆಕೆ ಎಲ್ಲಿಗೆ ಹೊರಟಿದ್ದಳು ಎಂಬುದಂತೂ ಇಲ್ಲವೇ ಇಲ್ಲ. ಕಾಪಾಡಿದವನ ದಾಖಲೆ ಇಟ್ಟು ಪ್ರಯಾಣಿಕಳನ್ನು ಮರೆಯುವ ಈ ಪದ್ಧತಿ ಕಲ್ಲಿನ ಕಾಲಕ್ಕೇ ಮುಗಿಯಲಿಲ್ಲ. ಇವತ್ತಿನ ಅಪರಾಧದ ಅಂಕಿಅಂಶಗಳೂ ಕಲಮುಗಳ ಪ್ರಕಾರ ಜೋಡಿಸಿದವೇ. ಯಾವ ಗೇಟಿನಲ್ಲಿ, ಎಷ್ಟು ಹೊತ್ತು ಕಾದ ಮೇಲೆ ಎಂಬುದಕ್ಕೆ ಅವುಗಳಲ್ಲಿ ಅಂಕಣವಿಲ್ಲ.

ರೈಲಿನ ಕಾನೂನು ಮಾತ್ರ ಒಂಟಿ ಹೆಣ್ಣನ್ನು ಒಂಟಿ ಹೆಣ್ಣೆಂದೇ ಗುರುತಿಸಿದೆ. ಇದು ಅಪರೂಪ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಬ್ರಿಟಿಷ್ ಇಂಡಿಯಾದ 1890ರ ರೈಲ್ವೆ ಕಾಯ್ದೆ, ಪ್ರಯಾಣಿಕರ ಪ್ರತಿ ರೈಲಿನಲ್ಲೂ ಕೆಳದರ್ಜೆಯ ಒಂದು ಕಂಪಾರ್ಟ್‌ಮೆಂಟನ್ನಾದರೂ ಹೆಂಗಸರಿಗೇ ಮೀಸಲಿಡಬೇಕೆಂದು ವಿಧಿಸಿತು. ರೈಲು ಐವತ್ತು ಮೈಲಿಗಿಂತ ಹೆಚ್ಚು ದೂರ ಓಡುವುದಾದರೆ ಅಂಥ ಒಂದು ಕಂಪಾರ್ಟ್‌ಮೆಂಟಿಗೆ ಶೌಚದ ಕೋಣೆಯೂ ಇರಬೇಕೆಂದು ಹೇಳಿತು. ಒಳನುಗ್ಗಿದ ಗಂಡಸಿಗೆ ನೂರು ರೂಪಾಯಿವರೆಗೆ ದಂಡ. ಈಗಿನ 1989ರ ಕಾಯ್ದೆಯ 162ನೇ ಕಲಮಿನಲ್ಲಿ ಆ ದಂಡ ಐನೂರಕ್ಕೆ ಏರಿದೆ. ಒಂದು ಶತಮಾನದಲ್ಲಿ ಐದು ಪಟ್ಟು! ಅಂದಿನ ನೂರು ರೂಪಾಯಿಗೆ ಏನೆಲ್ಲ ಬರುತ್ತಿತ್ತು ಎಂದು ನೆನೆದರೆ, ದಂಡ ಏರಿತೋ ಇಳಿಯಿತೋ ಎಂಬುದನ್ನು ಓದುಗರೇ ಹೇಳಬಹುದು. ಶೌಚದ ಕೋಣೆಯ ಮಾತನ್ನೂ ಹಗುರವಾಗಿ ಕಾಣಬೇಕಿಲ್ಲ. ದೂರದ ಬಸ್ಸು ಹತ್ತುವ ದಿನ ಬೆಳಗಿನಿಂದ ನೀರು ಕುಡಿಯದೆ ಇರುವುದು ನಮ್ಮ ಹೆಣ್ಣುಮಕ್ಕಳಿಗೆ ಇಂದಿಗೂ ರೂಢಿ. 1890ರಲ್ಲಿ ರೈಲಿಗೆ ಹೊಳೆದದ್ದು ಹೆದ್ದಾರಿಯ ಎಷ್ಟೋ ಕ್ರಾಸುಗಳಿಗೆ ಇನ್ನೂ ಹೊಳೆದಿಲ್ಲ.

ಅದೇ 1989ರ ಕಾಯ್ದೆಯ 139ನೇ ಕಲಮು ಇನ್ನೂ ಸ್ವಾರಸ್ಯದ್ದು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದು, ದಂಡವನ್ನೂ ಕಟ್ಟದವರನ್ನು ರೈಲಿನಿಂದ ಇಳಿಸಬಹುದು ಎನ್ನುವುದು ಸಾಮಾನ್ಯ ನಿಯಮ. ಆದರೆ ಗಂಡಸರು ಯಾರೂ ಜೊತೆಗಿಲ್ಲದ ಹೆಂಗಸನ್ನಾಗಲೀ ಮಗುವನ್ನಾಗಲೀ ಹಾಗೆ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಆಕೆ ಹತ್ತಿದ ನಿಲ್ದಾಣದಲ್ಲಿ, ಇಲ್ಲವೇ ಜಂಕ್ಷನ್ನಿನಲ್ಲಿ, ಕೊನೆಯ ನಿಲ್ದಾಣದಲ್ಲಿ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ ಇಳಿಸಬೇಕು. ಅದೂ ಹಗಲಲ್ಲಿ ಮಾತ್ರ. ಇದನ್ನು ನಮ್ಮ ಹಳಿಯ ಮೇಲೆ ಇಟ್ಟು ನೋಡಿ. ಬಾಣಸಂದ್ರ, ಅರಳಗುಪ್ಪೆ, ಕರಡಿಗಳ ಮಾತು ಹಾಗಿರಲಿ, ತಿಪಟೂರು ಕೂಡ ಜಂಕ್ಷನ್ನಲ್ಲ, ಜಿಲ್ಲಾ ಕೇಂದ್ರವಲ್ಲ. ಬೆಂಗಳೂರಿನಲ್ಲಿ ಹತ್ತಿದ ಒಂಟಿ ಹೆಣ್ಣಿನ ಕೈಯಲ್ಲಿ ಟಿಕೆಟ್ಟಿಲ್ಲದಿದ್ದರೂ ಒಂದೋ ತುಮಕೂರಿನಲ್ಲಿ, ಇಲ್ಲವೇ ಮೈಸೂರು–ಹಾಸನದ ಹಳಿ ಕೂಡುವ ಅರಸೀಕೆರೆಯಲ್ಲಿ, ಬೆಳಕಿರುವಾಗ ಇಳಿಸಬೇಕೇ ಹೊರತು ನಡುವಿನ ಕತ್ತಲ ನಿಲ್ದಾಣದಲ್ಲಿ ಅಲ್ಲ. ಕಾನೂನು ಬರೆದವರು ಅಪಾಯ ಎಲ್ಲಿದೆ ಎಂದು ಸರಿಯಾಗಿಯೇ ಊಹಿಸಿದ್ದರು. ಅದು ಡಬ್ಬಿಯೊಳಗಿಲ್ಲ, ಇಳಿಯುವ ಜಾಗದಲ್ಲಿದೆ. ತಪ್ಪು ಮಾಡಿದವಳನ್ನೂ ಹೊತ್ತಲ್ಲದ ಹೊತ್ತಿನಲ್ಲಿ, ಜನವಿಲ್ಲದ ಕಡೆ ಇಳಿಸಬಾರದು ಎಂಬ ಈ ವಿವೇಕ ಬಸ್ಸಿನ ನಿಯಮಗಳಿಗೆ ಬರಲೇ ಇಲ್ಲ. ಟಿಕೆಟ್ಟು ಪಡೆದವಳನ್ನೂ ಎಕ್ಸ್‌ಪ್ರೆಸ್ ಬಸ್ಸು ಅವಳ ಗೇಟಿಗೆ ಎರಡು ಮೈಲಿ ಆಚೆ ಇಳಿಸಿ ಮುಂದಕ್ಕೆ ಹೋಗಬಹುದು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ರಾಜಹಂಸ, ಐರಾವತದಂಥವು ಹೊರಗೆ. ಖಾಸಗಿ ಬಸ್ಸುಗಳೂ ಹೊರಗೆ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತೆಂದು ಸರ್ಕಾರ ಸಂಭ್ರಮಿಸಿತು. ಯೋಜನೆಯನ್ನು ಹಣಕಾಸಿನ ಕಣ್ಣಿನಿಂದ ಟೀಕಿಸುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದರ ದೊಡ್ಡ ಲಾಭ ಉಳಿದ ದುಡ್ಡಲ್ಲ, ಬಸ್ಸಿನೊಳಗೆ ಹೆಣ್ಣುಮಕ್ಕಳ ಸಂಖ್ಯೆ ಏರಿದ್ದು. ಇಪ್ಪತ್ತು ಜನ ಹೆಂಗಸರಿರುವ ಬಸ್ಸಿನಲ್ಲಿ ಮೈ ತಾಗಿಸುವವನಿಗೆ ಧೈರ್ಯ ಕಡಿಮೆ. ‘ಸರ್ಕೊಳ್ಳಪ್ಪ ಆ ಕಡೆ’ ಎಂದು ಗದರಿಸುವ ಅಜ್ಜಿಯೊಬ್ಬಳು ಇದ್ದೇ ಇರುತ್ತಾಳೆ.

ಆದರೆ ಈ ಸೀಮೆಯ ಹಳ್ಳಿ ಮಾರ್ಗಗಳಲ್ಲಿ ಖಾಸಗಿ ಬಸ್ಸಿನ ಪಾಲು ಇನ್ನೂ ಇದೆ. ಅದಕ್ಕೆ ಒಂದು ಗುಣವಿದೆ. ಕೈ ಅಡ್ಡ ಹಾಕಿದಲ್ಲಿ ನಿಲ್ಲುತ್ತದೆ, ‘ಹೋಲ್ಡಾನ್’ ಎಂದಲ್ಲಿ ಇಳಿಸುತ್ತದೆ. ಕಂಡಕ್ಟರಿಗೆ ಯಾರ ಮನೆ ಯಾವ ತೋಟದ ಬಳಿ ಎಂದು ಗೊತ್ತು. ಸಂಜೆ ಏಳರ ಮೇಲೆ ಹುಡುಗಿಯೊಬ್ಬಳು ಇಳಿಯುವಾಗ, ಮುಂದೆ ಟಾರ್ಚ್ ಹಿಡಿದು ಬಂದವರು ಕಾಣುವ ತನಕ ಸೀಟಿ ಊದದೆ ಕಾಯುವ ಕಂಡಕ್ಟರುಗಳಿದ್ದಾರೆ. ಯಾವ ಸುತ್ತೋಲೆಯೂ ಹೇಳದೆ ನಡೆಯುವ ಕೆಲಸ ಇದು. ಶೂನ್ಯ ಟಿಕೆಟ್ಟಿನ ಬಸ್ಸು ಹಿಡಿದರೆ ದುಡ್ಡು ಉಳಿಯುತ್ತದೆ, ಇಳಿಯುವುದು ನಿಗದಿತ ನಿಲುಗಡೆಯಲ್ಲಿ. ದುಡ್ಡು ಕೊಟ್ಟ ಬಸ್ಸು ಮನೆಯ ದಾರಿಗೆ ಹತ್ತಿರ ಇಳಿಸುತ್ತದೆ. ಬಡ ಮನೆಯ ಹುಡುಗಿ ಇವೆರಡರಲ್ಲಿ ಯಾವುದನ್ನು ಆರಿಸುತ್ತಾಳೆ ಎಂದು ಹೇಳಬೇಕಾಗಿಲ್ಲ.

ಬಸ್ಸನ್ನು ನಿಲ್ದಾಣಗಳ ನಡುವೆ ನಿಲ್ಲಿಸಿಕೊಳ್ಳುವ ಈ ಹಕ್ಕನ್ನು ದೊಡ್ಡ ನಗರಗಳು ಬರೆದು ಕೊಟ್ಟಿವೆ. ಕೆನಡಾದ ಟೊರಾಂಟೊ 1991ರಲ್ಲೇ, ರಾತ್ರಿ ಒಂಟಿಯಾಗಿ ಬರುವ ಹೆಂಗಸು ಕೇಳಿದಲ್ಲಿ ಬಸ್ಸು ನಿಲ್ಲಿಸಬೇಕೆಂಬ ವ್ಯವಸ್ಥೆ ತಂದಿತು. ಪ್ಯಾರಿಸ್ ಪ್ರದೇಶದಲ್ಲೂ ರಾತ್ರಿ ಬಸ್ಸುಗಳಿಗೆ ಅಂಥ ಅನುಕೂಲ ಬಂದಿದೆ. ವಿಯೆನ್ನಾದಲ್ಲಿ ಅದೇ 1991ರಲ್ಲಿ ಏವಾ ಕೈಲ್ ಮತ್ತು ಗೆಳತಿಯರು, ನಗರದ ಬಯಲು ಯಾರಿಗೆ ಸೇರಿದ್ದು ಎಂದು ಕೇಳುವ ಒಂದು ಛಾಯಾಚಿತ್ರ ಪ್ರದರ್ಶನ ಮಾಡಿದರು. ಮರುವರ್ಷ ನಗರಾಡಳಿತದಲ್ಲಿ ಮಹಿಳೆಯರಿಗೇ ಒಂದು ಕಚೇರಿ ಆಯಿತು. ಆಮೇಲೆ ಬೀದಿದೀಪ, ಕಾಲುದಾರಿ, ಉದ್ಯಾನಗಳ ನಕ್ಷೆಯಲ್ಲೇ ಹೆಣ್ಣಿನ ನಡಿಗೆ ಲೆಕ್ಕಕ್ಕೆ ಬಂತು. ಈ ನಗರಗಳಲ್ಲಿ ಹೆಣ್ಣು ನಿರ್ಭಯಳು ಎಂದು ಇದರ ಅರ್ಥವಲ್ಲ. ಅಲ್ಲಿಯ ಅಧಿಕಾರಿಗಳು ನಡಿಗೆಯನ್ನೂ ಪ್ರಯಾಣದ ಭಾಗವೆಂದು ಬರೆದುಕೊಂಡರು, ಅಷ್ಟೇ. ನಮ್ಮಲ್ಲಿ ಖಾಸಗಿ ಕಂಡಕ್ಟರನ ಒಳ್ಳೆಯತನವಾಗಿ ಉಳಿದಿರುವುದು ಅಲ್ಲಿ ನಿಯಮವಾಗಿದೆ.

ಇನ್ನು ಗೇಟಿನಲ್ಲಿ ಇಳಿದ ಮೇಲಿನ ಮಾತು. ಯಾರು ಇಳಿಯುತ್ತಾರೆ? ಕಾಯಿ ಹೊರುವ, ಕೊಬ್ಬರಿ ಬಿಡಿಸುವ ಕೂಲಿಗೆ ಹೋಗುವ ಹೆಂಗಸರು ಸಾಮಾನ್ಯವಾಗಿ ಒಂಟಿಯಲ್ಲ. ಗುಂಪಾಗಿ ಲಗೇಜು ಆಟೋದಲ್ಲಿ ಹೋಗಿ ಗುಂಪಾಗಿ ಬರುತ್ತಾರೆ. ಅವರ ವಾಹನದ ಅಪಾಯ ಬೇರೆಯೇ ಬಗೆಯದು. ಒಂಟಿಯಾಗಿ ಇಳಿಯುವವಳು ತಿಪಟೂರಿನ ಕಾಲೇಜಿನಿಂದ ಬರುವ ವಿದ್ಯಾರ್ಥಿನಿ, ಪಾಳಿ ಮುಗಿಸಿದ ನರ್ಸು, ಬಟ್ಟೆ ಅಂಗಡಿಯ ಹುಡುಗಿ, ತುಮಕೂರಿನ ಸಭೆ ಮುಗಿಸಿ ಬರುವ ಆಶಾ ಕಾರ್ಯಕರ್ತೆ. ಓದು, ಉದ್ಯೋಗ ಅವಳನ್ನು ಗುಂಪಿನಿಂದ ಬಿಡಿಸಿ ಒಂಟಿ ಮಾಡಿದೆ. ಪ್ರಗತಿಯ ಈ ಮಗ್ಗುಲಿಗೆ ಊರಿನ ವ್ಯವಸ್ಥೆ ಇನ್ನೂ ಹೊಂದಿಕೊಂಡಿಲ್ಲ.

ಅವಳ ಸುರಕ್ಷತೆಯ ಗಡಿಯಾರ ಡೇರಿಯದು. ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಊರ ದಾರಿಯಲ್ಲಿ ಕ್ಯಾನು ಹಿಡಿದ ಹೆಂಗಸರು, ಸೈಕಲ್ಲಿನ ಹುಡುಗರು ಓಡಾಡುತ್ತಿರುತ್ತಾರೆ. ಆ ಹೊತ್ತಿಗೆ ಇಳಿದರೆ ಜೊತೆ ಸಿಕ್ಕಿತು. ಡೇರಿ ಮುಚ್ಚಿದ ಮೇಲೆ ಅದೇ ದಾರಿ ಬಿಕೋ ಎನ್ನುತ್ತದೆ. ಬಸ್ಸು ಅರ್ಧ ಗಂಟೆ ತಡವಾಯಿತು ಎನ್ನುವುದು ಅವಳಿಗೆ ಬರೀ ಅರ್ಧ ಗಂಟೆಯಲ್ಲ. ಡಿಸೆಂಬರಿನಲ್ಲಿ ಆರಕ್ಕೇ ಸೂರ್ಯ ಮುಳುಗುವುದರಿಂದ ಅದೇ ಬಸ್ಸು, ಅದೇ ಸಮಯ, ಏಪ್ರಿಲ್ಲಿನಲ್ಲಿ ಬೆಳಕು, ಚಳಿಗಾಲದಲ್ಲಿ ಕತ್ತಲು. ಬಸ್ಸಿನ ವೇಳಾಪಟ್ಟಿಗೆ ಋತು ಗೊತ್ತಿಲ್ಲ.

ತೋಟವೂ ಬದಲಾಗಿದೆ. ಹಳೆಯ ತೆಂಗಿನ ತೋಟ ತೆರೆದ ಕಂಬಸಾಲು. ಸಾಲಿನಿಂದ ಸಾಲಿಗೆ ಇಪ್ಪತ್ತೈದು ಮೂವತ್ತು ಅಡಿ ಅಂತರ, ಕೆಳಗೆ ರಾಗಿಯೋ ಹುರುಳಿಯೋ. ದೂರದಿಂದ ಬರುವವರು ಕಾಣುತ್ತಿದ್ದರು. ಹೇಮಾವತಿ ನಾಲೆಯ ನೀರು, ಕೊಳವೆ ಬಾವಿ ಬಂದ ಮೇಲೆ ಮರಗಳ ನಡುವೆ ಅಡಿಕೆ, ಬಾಳೆ ಸೇರಿ ದಾರಿಯ ಎರಡೂ ಬದಿ ಗೋಡೆಯಾಗಿದೆ. ಇದರ ಜೊತೆಗೆ ಚಿರತೆಯ ಭಯ. ತುಮಕೂರು ಜಿಲ್ಲೆಯಲ್ಲಿ 2019–20ರಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಜನ ಸತ್ತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ನಗರದ ಮಹಿಳಾ ಸುರಕ್ಷತೆಯ ಕೈಪಿಡಿಗಳಲ್ಲಿ ಚಿರತೆ ಇರುವುದಿಲ್ಲ. ಕಂಡಿಕೆರೆ, ಹಂದನಕೆರೆ ಕಡೆಯ ಹುಡುಗಿಯ ಲೆಕ್ಕದಲ್ಲಿ ಅದು ಇದೆ.

‘ಕೆ.ಬಿ. ಕ್ರಾಸ್ ದಾಟ್ದೆ, ಗೇಟಿಗೆ ಬಾರಣ್ಣ’ ಎಂಬ ಫೋನು ಈ ಸೀಮೆಯ ಬಸ್ಸುಗಳಲ್ಲಿ ಪ್ರತಿ ಸಂಜೆ ಕೇಳುವ ಮಾತು. ಅಣ್ಣನೋ ಅಪ್ಪನೋ ಬೈಕು ತಂದು ನಿಂತಿದ್ದರೆ ಸರಿ. ಯಾರೂ ಇಲ್ಲದಿದ್ದರೆ? ಅದೇ ದಾರಿಯಲ್ಲಿ ಹೋಗುವ ಊರಿನವನು ಬೈಕು ನಿಲ್ಲಿಸಿ ‘ಕೂತ್ಕಳವ್ವ’ ಎನ್ನುತ್ತಾನೆ. ಇಲ್ಲಿ ಅವಳು ಎರಡು ಅಪಾಯಗಳನ್ನು ತೂಗಬೇಕು. ಕತ್ತಲಲ್ಲಿ ನಡೆಯುವುದು ಒಂದು. ಇನ್ನೊಂದು, ನಾಳೆ ಅರಳಿಕಟ್ಟೆಯಲ್ಲಿ ಹುಟ್ಟುವ ‘ಯಾರ ಬೈಕಲ್ಲಿ ಬಂದ್ಲು?’ ಎಂಬ ಪ್ರಶ್ನೆ. ಈ ಎರಡನೆಯದಕ್ಕೆ ಅಂಜಿ ಮೊದಲನೆಯದನ್ನು ಆರಿಸಿಕೊಳ್ಳುವವರು ಹಲವರು. ಮಾತಿನ ಭಯಕ್ಕೆ ಕಾಲೇಜನ್ನೇ ಬಿಡಿಸಿದ ಮನೆಗಳೂ ಇವೆ. ಗುರುತಿನವನ ಬೈಕು ತಾನಾಗಿಯೇ ಸುರಕ್ಷಿತ ಎನ್ನುವಂತೆಯೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳಲ್ಲಿ ವರ್ಷ ವರ್ಷವೂ ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಗುರುತಿನವನೇ. ‘ನಮ್ಮೂರ ಹುಡುಗ, ಭಯ ಇಲ್ಲ’ ಎಂಬ ಮಾತನ್ನು ಈ ಅಂಕಿ ಪಕ್ಕದಲ್ಲಿಟ್ಟು ಓದಬೇಕು. ಹುಡುಗಿಯ ಕೈಯಲ್ಲೇ ವಾಹನವಿರುವುದು ಇದಕ್ಕೆಲ್ಲ ಒಳ್ಳೆಯ ಉತ್ತರ.

ಹಾಗೊಂದು ವಾಹನ ಕೊಟ್ಟಿದ್ದೆವು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಬಿಹಾರದಲ್ಲಿ 2006ರಲ್ಲಿ ಆರಂಭವಾದ ಇಂಥದೇ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಪರಿಶೀಲಿಸಿದರು. ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚಾಗಿತ್ತು. ಗೇಟಿಗೂ ಮನೆಗೂ ನಡುವಿನ ದೂರವನ್ನು ನೇರವಾಗಿ ತಾಕಿದ ಸರ್ಕಾರಿ ಯೋಜನೆ ನನಗೆ ಕಂಡಂತೆ ಸೈಕಲ್ಲಿನದೊಂದೇ. ಪೆಟ್ಟಿಗೆ ಅಂಗಡಿಯ ಮಗ್ಗುಲಲ್ಲಿ ಬೀಗ ಹಾಕಿ ನಿಲ್ಲಿಸಿದ ಹುಡುಗಿಯರ ಸೈಕಲ್ಲುಗಳ ಸಾಲು ಒಂದು ಕಾಲಕ್ಕೆ ಗೇಟುಗಳಲ್ಲಿ ಸಾಮಾನ್ಯ ನೋಟವಾಗಿತ್ತು.

ಏನಾದರೂ ನಡೆದೇ ಹೋದರೆ ಎಂಬುದಕ್ಕೆ ಕಾನೂನು ಈಗ ಮೊದಲಿಗಿಂತ ಸ್ಪಷ್ಟ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೈಮೇಲೆ ಕೈ ಹಾಕಿ ಮಾನಕ್ಕೆ ಕುಂದು ತರುವುದಕ್ಕೆ 74ನೇ ಕಲಮು, ಲೈಂಗಿಕ ಕಿರುಕುಳಕ್ಕೆ 75, ಬೆನ್ನು ಹತ್ತುವುದಕ್ಕೆ 78, ಹೀನ ಮಾತು ಸನ್ನೆಗಳಿಗೆ 79. ಪ್ರಯಾಣಿಕಳಿಗೆ ಇದಕ್ಕಿಂತ ಮುಖ್ಯವಾದದ್ದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು. ಘಟನೆ ಯಾರ ಸರಹದ್ದಿನಲ್ಲೇ ನಡೆದಿರಲಿ, ಹೋದ ಠಾಣೆಯವರು ದೂರು ಬರೆದುಕೊಳ್ಳಲೇಬೇಕು. ಇಂಥ ಅಪರಾಧಗಳಲ್ಲಿ ಸಂತ್ರಸ್ತೆಯ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಗುಬ್ಬಿಯಲ್ಲಿ ಬಸ್ಸು ಹತ್ತಿ, ಕೆ.ಬಿ. ಕ್ರಾಸಿನಲ್ಲಿ ಬದಲಿಸಿ, ತುರುವೇಕೆರೆ ದಾರಿಯಲ್ಲಿ ಇಳಿಯುವವಳು ಒಂದೇ ಸಂಜೆ ಹಲವು ಠಾಣೆಗಳ ಸರಹದ್ದು ದಾಟುತ್ತಾಳೆ. ರೈಲಾದರೆ ರೈಲ್ವೆ ಪೊಲೀಸರು ಬೇರೆ. ‘ಅದು ನಮ್ಮದಲ್ಲ, ಆ ಸ್ಟೇಷನ್ನಿಗೆ ಹೋಗಮ್ಮ’ ಎನ್ನುವುದು ಈಗ ಕಾನೂನಿಗೆ ವಿರುದ್ಧ. ತುರ್ತಿಗೆ 112, ರೈಲಿನಲ್ಲಿ 139, ಮಹಿಳಾ ಸಹಾಯವಾಣಿ 181. ಕಾಲೇಜಿನ ಗೋಡೆಗಳ ಮೇಲೆ ಇವನ್ನು ಬರೆದಿರುತ್ತಾರೆ. ಬರೆಯಬೇಕಾದ್ದು ಗೇಟಿನ ಫಲಕದ ಮೇಲೆ.

ಆ ಗೇಟು ಯಾರದು ಎಂಬುದು ಕೊನೆಯ ತೊಡಕು. ಬೀದಿದೀಪ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯ ಹೊಣೆ. ಊರೊಳಗಿನ ಗುಡಿಯ ಮುಂದೆ, ಸದಸ್ಯರ ಮನೆಯ ಮುಂದೆ ಕಂಬಕ್ಕೊಂದು ದೀಪ ಉರಿಯುತ್ತದೆ. ಗೇಟು ಇರುವುದು ಊರಿನಿಂದ ದೂರ, ಹೆದ್ದಾರಿಯ ಅಂಚಿನಲ್ಲಿ. ಹೆದ್ದಾರಿಯವರಿಗೆ ಅದು ರಸ್ತೆಯ ಒಂದು ಕವಲು, ಸಾರಿಗೆ ನಿಗಮಕ್ಕೆ ಒಂದು ‘ಕೋರಿಕೆ ನಿಲುಗಡೆ’, ಪಂಚಾಯಿತಿಗೆ ಊರಾಚೆಯ ಜಾಗ. ಮೂವರಿಗೂ ಸೇರಿದ್ದು ಎನ್ನಬಹುದಾದ ಜಾಗ ಹೀಗೆ ಯಾರಿಗೂ ಸೇರದೆ ಕತ್ತಲಲ್ಲಿದೆ.

ಈ ಮೂರು ತಾಲ್ಲೂಕುಗಳ ಪಂಚಾಯಿತಿಗಳು ಮುಂದಿನ ಕ್ರಿಯಾಯೋಜನೆಯಲ್ಲಿ ಮೊದಲ ದೀಪವನ್ನು ಗೇಟಿಗೆ ಹಾಕಲಿ. ಸಂಜೆ ಏಳರ ನಂತರ ಒಂಟಿ ಹೆಣ್ಣು ಕೇಳಿದ ಗೇಟಿನಲ್ಲಿ ಎಕ್ಸ್‌ಪ್ರೆಸ್ ಬಸ್ಸೂ ನಿಲ್ಲಬೇಕೆಂದು ಸಾರಿಗೆ ಸಂಸ್ಥೆಯ ತುಮಕೂರು ವಿಭಾಗ ಒಂದು ಸುತ್ತೋಲೆ ಹೊರಡಿಸಲಿ. ನಿಂತ ಸೈಕಲ್ ಯೋಜನೆಯನ್ನು ಹುಡುಗಿಯರಿಗಾದರೂ ಮತ್ತೆ ಆರಂಭಿಸಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ.